ಶಾಲೆ ಬಿಡುವ ಹೊತ್ತಿಗೆ ಬಂದ ಹಿಮಬಿರುಗಾಳಿ

ಮಕ್ಕಳೇ, ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಮಧ್ಯಾಹ್ನ ಮೂರು ಗಂಟೆ. ನೀವು ತರಗತಿಯಲ್ಲಿ ಕೂತಿದ್ದೀರಿ. ಇದ್ದಕ್ಕಿದ್ದಂತೆ ಗಾಳಿ ಎದ್ದು ಕಿಟಕಿಯಾಚೆ ಎಲ್ಲವೂ ಬೆಳ್ಳಗಾಗಿಬಿಟ್ಟಿದೆ. ಬಾಗಿಲು ತೆಗೆದು ಕೈ ಚಾಚಿದರೆ ನಿಮ್ಮ ಬೆರಳೇ ನಿಮಗೆ ಕಾಣುವುದಿಲ್ಲ. ಕೋಣೆಯ ಒಲೆಗೆ ಹಾಕಲು ಸೌದೆ ಮುಗಿಯುತ್ತಾ ಬಂದಿದೆ. ಮನೆ ಅರ್ಧ ಮೈಲಿ ದೂರ. ಶಾಲೆಯಲ್ಲೇ ಉಳಿಯುತ್ತೀರಾ, ಮನೆಗೆ ಹೊರಡುತ್ತೀರಾ?

ನಿಮ್ಮ ಉತ್ತರವನ್ನು ನೋಟ್ ಪುಸ್ತಕದ ಮೂಲೆಯಲ್ಲಿ ಬರೆದಿಡಿ. ಲೇಖನ ಓದಿ ಮುಗಿಸಿದ ಮೇಲೆ ಮತ್ತೆ ನೋಡೋಣ.

ಇದು ಕಟ್ಟುಕತೆಯ ಪ್ರಶ್ನೆಯಲ್ಲ. 1888ರ ಜನವರಿ 12, ಗುರುವಾರದಂದು ಅಮೆರಿಕದ ಮಧ್ಯಭಾಗದ ನೂರಾರು ಹಳ್ಳಿಶಾಲೆಗಳಲ್ಲಿ ನಿಮ್ಮದೇ ವಯಸ್ಸಿನ ಮಕ್ಕಳೂ, ನಿಮಗಿಂತ ನಾಲ್ಕೈದು ವರ್ಷವಷ್ಟೇ ದೊಡ್ಡವರಾದ ಅವರ ಟೀಚರುಗಳೂ ಈ ಪ್ರಶ್ನೆಯನ್ನು ಎದುರಿಸಿದರು. ಸುಮಾರು 235 ಮಂದಿ ಸತ್ತರೆಂದು ಅಂದಾಜು. ಅವರಲ್ಲಿ ಬಹಳಷ್ಟು ಜನ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳು. ಅದಕ್ಕೇ ಆ ದಿನಕ್ಕೆ ‘ಶಾಲಾಮಕ್ಕಳ ಹಿಮಬಿರುಗಾಳಿ’ ಎಂಬ ಹೆಸರು ಉಳಿದುಕೊಂಡಿತು.

ನಾವು ಕಾಣದ ಹಿಮ

ನಮ್ಮಲ್ಲಿ ಹೆಚ್ಚಿನವರು ಹಿಮ ಬೀಳುವುದನ್ನು ಕಣ್ಣಾರೆ ಕಂಡಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮಕ್ಕಳು ಬೇಸಿಗೆಯ ಗುಡುಗುಮಳೆಯಲ್ಲಿ ಆಲಿಕಲ್ಲು ಹೆಕ್ಕಿ ಬಾಯಿಗೆ ಹಾಕಿಕೊಂಡಿರಬಹುದು. ನೀಲಗಿರಿಯ ಮಕ್ಕಳು ಡಿಸೆಂಬರ್-ಜನವರಿಯ ಬೆಳಗಿನಲ್ಲಿ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಹೆಪ್ಪುಗಟ್ಟಿದ ಇಬ್ಬನಿಯನ್ನು ನೋಡಿರುತ್ತಾರೆ. ಅದರಿಂದ ಟೀ ಎಲೆ ಸುಟ್ಟಂತೆ ಕಪ್ಪಾಗುವುದೂ ಅವರಿಗೆ ಗೊತ್ತು. ಉಳಿದವರಿಗೆ ಫ್ರಿಜ್ಜಿನ ಮೇಲಿನ ಖಾನೆಯೇ ಹಿಮಾಲಯ! ನಮ್ಮ ಮಾತಿನಲ್ಲಂತೂ ಕಣ್ಣಿಗೆ ಅಡ್ಡ ಬರುವ ಬೆಳಗಿನ ಮಬ್ಬಿಗೂ ‘ಮಂಜು’, ಬೆಟ್ಟದ ಮೇಲೆ ಬೀಳುವ ಹಿಮಕ್ಕೂ ‘ಮಂಜು’. ವಿಜ್ಞಾನದಲ್ಲಿ ಇವು ಬೇರೆ ಬೇರೆ. ಬೆಳಗಿನ ಮಬ್ಬು ನೀರಿನ ಸಣ್ಣ ಹನಿ, ಬೆಟ್ಟದ ಹಿಮ ನೀರಾವಿ ನೇರವಾಗಿ ಗಟ್ಟಿಯಾಗಿ ಆದ ಮಂಜುಗಡ್ಡೆಯ ಹರಳು.

ಹಿಮಬಿರುಗಾಳಿಗೆ ಇಂಗ್ಲಿಷಿನಲ್ಲಿ ಬ್ಲಿಜರ್ಡ್ ಅಂತಾರೆ. ಹಿಮ ಜೋರಾಗಿ ಬಿದ್ದ ಮಾತ್ರಕ್ಕೆ ಅದು ಬ್ಲಿಜರ್ಡ್ ಆಗುವುದಿಲ್ಲ. ಅಮೆರಿಕದ ಹವಾಮಾನ ಸೇವೆ ಇಂದು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ: ಗಾಳಿಯ ವೇಗ ಗಂಟೆಗೆ 56 ಕಿಲೋಮೀಟರ್ ಅಥವಾ ಹೆಚ್ಚು ಇರಬೇಕು, ಹಾರುವ ಹಿಮದಿಂದಾಗಿ 400 ಮೀಟರಿಗಿಂತ ಆಚೆ ಏನೂ ಕಾಣಬಾರದು, ಈ ಸ್ಥಿತಿ ಕನಿಷ್ಠ ಮೂರು ಗಂಟೆ ಇರಬೇಕು. 1888ರ ಆ ದಿನ 400 ಮೀಟರ್ ಹಾಗಿರಲಿ, ಮುಂದೆ ನಡೆಯುವವರ ಬೆನ್ನೂ ಕಾಣುತ್ತಿರಲಿಲ್ಲ.

ಬಯಲುಸೀಮೆಯ ಒಂದೇ ಕೋಣೆಯ ಶಾಲೆ

ನೆಬ್ರಾಸ್ಕ, ಡಕೋಟ, ಮಿನೆಸೋಟ. ನಕಾಶೆಯಲ್ಲಿ ಹುಡುಕಿ ನೋಡಿ. ಇವೆಲ್ಲ ಅಮೆರಿಕದ ಮಹಾಬಯಲಿನ ಪ್ರದೇಶಗಳು. ಲಕೋಟ, ಪಾನಿ ಮೊದಲಾದ ಮೂಲನಿವಾಸಿಗಳ ನೆಲವಾಗಿದ್ದ ಈ ಬಯಲಿಗೆ 1862ರ ಒಂದು ಕಾನೂನಿನ ನಂತರ ಹೊಸಬರು ಗುಂಪು ಗುಂಪಾಗಿ ಬಂದರು. ಐದು ವರ್ಷ ಉಳಿದು ಉಳುಮೆ ಮಾಡಿದವರಿಗೆ 160 ಎಕರೆ ನೆಲ ಕೊಡುತ್ತೇವೆಂದು ಸರ್ಕಾರ ಹೇಳಿತ್ತು. ನಾರ್ವೆ, ಸ್ವೀಡನ್, ಜರ್ಮನಿ, ರಷ್ಯಾಗಳಿಂದ ಬಂದ ಕುಟುಂಬಗಳು ಇಲ್ಲಿ ನೆಲೆ ನಿಂತವು.

ಮರಗಳೇ ಇಲ್ಲದ ಬಯಲು. ಹಾಗಾಗಿ ಹುಲ್ಲನ್ನು ಬೇರು ಸಮೇತ ಮಣ್ಣಿನ ಹೆಂಟೆಯಾಗಿ ಕತ್ತರಿಸಿ, ಇಟ್ಟಿಗೆಯಂತೆ ಪೇರಿಸಿ ಮನೆ ಕಟ್ಟಿಕೊಳ್ಳುತ್ತಿದ್ದರು. ಶಾಲೆಗಳೂ ಹಾಗೆಯೇ: ಒಂದೇ ಕೋಣೆ, ಒಂದು ಒಲೆ, ಒಬ್ಬರೇ ಟೀಚರ್. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಅರ್ಧ ಮೈಲಿ, ಒಂದು ಮೈಲಿ ಹೊಲ. ಅಲ್ಲಿ ಬೇಲಿ, ಮರ, ದೀಪದ ಕಂಬ ಏನೂ ಇಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆ ಬೆಳಗ್ಗೆ ಏನು ನಡೆಯಿತು?

ಅದಕ್ಕೆ ಮುಂಚಿನ ದಿನಗಳು ವಿಪರೀತ ಚಳಿ. ಆದರೆ ಜನವರಿ 12ರ ಬೆಳಗ್ಗೆ ಹಿತವಾಗಿತ್ತು. ಹಿಮ ಕರಗಿ ತೊಟ್ಟಿಕ್ಕುವಷ್ಟು ಬೆಚ್ಚಗಿತ್ತು. ಬಹಳ ದಿನಗಳಿಂದ ಮನೆಯಲ್ಲೇ ಕೂಡಿಹಾಕಿದ್ದ ದನಗಳನ್ನು ರೈತರು ಹೊರಗೆ ಬಿಟ್ಟರು. ಎಷ್ಟೋ ಮಕ್ಕಳು ದಪ್ಪ ಕೋಟು, ಕೈಗವಸು ಮನೆಯಲ್ಲೇ ಬಿಟ್ಟು ಶಾಲೆಗೆ ಓಡಿದರು. ನಿಮ್ಮಲ್ಲೂ ಮಳೆ ಒಂದು ದಿನ ಬಿಡುವು ಕೊಟ್ಟರೆ ಕೊಡೆ ಮನೆಯಲ್ಲೇ ಉಳಿಯುತ್ತದೆ, ಅಲ್ವೇ?

ಆ ಬೆಚ್ಚಗಿನ ಬೆಳಗೇ ಅಪಾಯದ ಸೂಚನೆಯಾಗಿತ್ತು. ಹೇಗೆ ಅಂತೀರಾ? ದಕ್ಷಿಣದ ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಬೆಚ್ಚಗಿನ, ತೇವ ತುಂಬಿದ ಗಾಳಿ ಮೇಲೆ ಬಂದಿತ್ತು. ಅದೇ ಹೊತ್ತಿಗೆ ಉತ್ತರದಲ್ಲಿ ಕೆನಡಾದ ಕಡೆಯಿಂದ ಧ್ರುವಪ್ರದೇಶದ ಕೊರೆಯುವ ಗಾಳಿ ಕೆಳಗೆ ಇಳಿಯುತ್ತಿತ್ತು. ತಣ್ಣನೆಯ ಗಾಳಿ ಭಾರ, ಬೆಚ್ಚಗಿನ ಗಾಳಿ ಹಗುರ. ಮರ ಸೀಳುವಾಗ ಕೊಡಲಿಯ ಬಾಯಿ ಒಳಗೆ ನುಗ್ಗುವಂತೆ ತಣ್ಣನೆಯ ಗಾಳಿ ಬೆಚ್ಚಗಿನ ಗಾಳಿಯ ಅಡಿಗೆ ನುಗ್ಗಿ ಅದನ್ನು ಮೇಲೆತ್ತಿತು. ಮೇಲೇರಿದ ಗಾಳಿ ತಣ್ಣಗಾಯಿತು, ಅದರಲ್ಲಿದ್ದ ತೇವ ಹಿಮದ ಹರಳಾಯಿತು. ಹೀಗೆ ಎರಡು ಗಾಳಿಗಳು ಸಂಧಿಸುವ ಗಡಿಗೆ ‘ಶೀತ ಮುಖ’ ಎನ್ನುತ್ತಾರೆ. ಅದು ದಾಟುವ ಜಾಗದಲ್ಲಿ ನಿಂತವರಿಗೆ ಹವೆ ನಿಮಿಷಗಳಲ್ಲಿ ಬದಲಾಗುತ್ತದೆ.

ನಮ್ಮ ದೇಶದಲ್ಲಿ ಹೀಗೆ ಯಾಕೆ ಆಗುವುದಿಲ್ಲ? ಭೂಗೋಳದ ಪುಸ್ತಕ ತೆರೆಯಿರಿ. ಹಿಮಾಲಯ ಪೂರ್ವ-ಪಶ್ಚಿಮವಾಗಿ ಗೋಡೆಯಂತೆ ನಿಂತು ಮಧ್ಯ ಏಷ್ಯಾದ ಚಳಿಗಾಳಿಯನ್ನು ತಡೆಯುತ್ತದೆ. ಅಮೆರಿಕದ ರಾಕಿ ಪರ್ವತ ಉತ್ತರ-ದಕ್ಷಿಣವಾಗಿ ಹಬ್ಬಿದೆ. ಅಂದ್ರೆ ಧ್ರುವದಿಂದ ಬಯಲಿಗೆ ಬರುವ ಗಾಳಿಗೆ ಅಡ್ಡಗೋಡೆಯೇ ಇಲ್ಲ. ಬೆಟ್ಟಸಾಲು ಯಾವ ದಿಕ್ಕಿಗೆ ಹಬ್ಬಿದೆ ಎಂಬುದು ಪರೀಕ್ಷೆಗೆ ಮಾತ್ರ ಬೇಕಾದ ಸಂಗತಿ ಅಂದುಕೊಳ್ಳಬೇಡಿ.

ಪಶ್ಚಿಮದ ಊರುಗಳಿಗೆ ಬಿರುಗಾಳಿ ಬೆಳಗಿನಲ್ಲೇ ಬಡಿಯಿತು. ಪೂರ್ವಕ್ಕೆ ಸಾಗುತ್ತಾ ಸಾಗುತ್ತಾ ನೆಬ್ರಾಸ್ಕದ ಹಲವು ಊರುಗಳನ್ನು ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ಸರಿಯಾಗಿ ಶಾಲೆ ಬಿಡುವ ಸಮಯ. ರಾತ್ರಿ ಕಳೆಯುವಷ್ಟರಲ್ಲಿ ಹಲವೆಡೆ ಉಷ್ಣತೆ ಸೊನ್ನೆಗಿಂತ ಸುಮಾರು 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು. ಬಿದ್ದ ಹಿಮವೂ ಹತ್ತಿಯಂಥ ಹಿಮವಲ್ಲ. ಗಾಳಿಗೆ ಸಿಕ್ಕಿ ಪುಡಿಯಾದ, ರಾಗಿ ಹಿಟ್ಟಿನಷ್ಟು ನುಣುಪಾದ ಹಿಮ. ಕಣ್ಣು, ಮೂಗು, ಬಟ್ಟೆಯ ನೇಯ್ಗೆ ಎಲ್ಲದರೊಳಗೂ ನುಗ್ಗುವಂಥದ್ದು.

ಮೂವರು ಟೀಚರುಗಳು

ನೆಬ್ರಾಸ್ಕದ ಮೀರಾ ಕಣಿವೆ ಎಂಬಲ್ಲಿ ಮಿನಿ ಫ್ರೀಮನ್ ಎಂಬ ತರುಣಿ ಟೀಚರ್ ಆಗಿದ್ದರು. ಅವರದು ಹುಲ್ಲುಹೆಂಟೆಯ ಶಾಲೆ. ಗಾಳಿ ಮೊದಲು ಬಾಗಿಲನ್ನು ಕಿತ್ತಿತು, ಆಮೇಲೆ ಚಾವಣಿಯನ್ನೇ ಎತ್ತಿತು. ಇನ್ನು ಒಳಗೆ ಉಳಿಯುವಂತಿರಲಿಲ್ಲ. ಅವರು ಮಕ್ಕಳನ್ನೆಲ್ಲ ಒಟ್ಟುಗೂಡಿಸಿಕೊಂಡು ಸುಮಾರು ಅರ್ಧ ಮೈಲಿ ದೂರದ ಮನೆಗೆ ಹೊರಟರು. ಎಲ್ಲ ಮಕ್ಕಳೂ ಬದುಕಿದರು. ಕೆಲವೇ ವಾರಗಳಲ್ಲಿ ಅವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು, ಅವರ ಮೇಲೆ ಹಾಡು ಕಟ್ಟಿ ಅಚ್ಚು ಹಾಕಿಸಿದರು.

ಅದೇ ನೆಬ್ರಾಸ್ಕದ ಪ್ಲೇನ್‌ವ್ಯೂ ಎಂಬಲ್ಲಿ ಲೋಯಿಸ್ ರಾಯ್ಸ್ ಎಂಬ ಟೀಚರ್ ಮೂವರು ಪುಟ್ಟ ಮಕ್ಕಳ ಜೊತೆ ಶಾಲೆಯಲ್ಲಿ ಸಿಕ್ಕಿಕೊಂಡರು. ಸೌದೆ ಮುಗಿಯಿತು. ಅವರು ಉಳಿದುಕೊಂಡಿದ್ದ ಮನೆ ಇನ್ನೂರು ಗಜದೊಳಗೇ ಇತ್ತು. ನಿಮ್ಮ ಶಾಲೆಯ ಮೈದಾನವನ್ನು ಒಂದೆರಡು ಸಲ ದಾಟಿದಷ್ಟು ದೂರ. ಮಕ್ಕಳ ಕೈ ಹಿಡಿದು ಹೊರಟರು. ಮನೆ ಸಿಗಲೇ ಇಲ್ಲ. ರಾತ್ರಿಯೆಲ್ಲ ಬಯಲಿನಲ್ಲಿ ಮಕ್ಕಳನ್ನು ತಬ್ಬಿಕೊಂಡು ಕಳೆದರು. ಒಂಬತ್ತು ವರ್ಷದ ಇಬ್ಬರು ಹುಡುಗರು, ಆರು ವರ್ಷದ ಒಬ್ಬಳು ಹುಡುಗಿ, ಮೂವರೂ ತೀರಿಕೊಂಡರು. ಟೀಚರ್ ಬದುಕಿದರು, ಆದರೆ ಹೆಪ್ಪುಗಟ್ಟಿದ ಪಾದಗಳನ್ನು ಕತ್ತರಿಸಬೇಕಾಯಿತು.

ಮೂರನೆಯವರು ಎಟ್ಟಾ ಶಟಕ್. ದಾರಿ ತಪ್ಪಿ ಅಲೆದು ಕೊನೆಗೆ ಒಂದು ಹುಲ್ಲಿನ ಬಣವೆ ಸಿಕ್ಕಿದಾಗ ಅದನ್ನು ತೋಡಿ ಒಳಗೆ ತೂರಿಕೊಂಡರು. ಮೂರು ದಿನಕ್ಕೂ ಹೆಚ್ಚು ಹೊತ್ತು ಅದರೊಳಗೇ ಇದ್ದು ಜೀವಂತವಾಗಿ ಹೊರಬಂದರು. ಆದರೆ ಕಾಲುಗಳು ಕೆಟ್ಟುಹೋಗಿದ್ದವು. ಕೆಲವು ವಾರಗಳ ನಂತರ ತೀರಿಕೊಂಡರು.

ಮಿನಿ ಫ್ರೀಮನ್ ಜಾಣೆ, ಲೋಯಿಸ್ ರಾಯ್ಸ್ ತಪ್ಪು ಮಾಡಿದವರು ಅಂತ ತೀರ್ಪು ಕೊಡಲು ಹೊರಟಿರಾ? ಸ್ವಲ್ಪ ತಡೆಯಿರಿ. ಇಬ್ಬರೂ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದವರೇ. ಒಬ್ಬರಿಗೆ ಮನೆ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ. ಇನ್ನೂರು ಗಜದೊಳಗಿನ ಮನೆ ಸಿಗದೇ ಹೋಗುವುದು ಹೇಗೆ? ಇದಕ್ಕೆ ಉತ್ತರ ವಿಜ್ಞಾನದಲ್ಲಿದೆ.

ನೇರ ನಡೆಯಲು ಕಣ್ಣು ಬೇಕು

ನಾವು ನೇರವಾಗಿ ನಡೆಯುತ್ತೇವೆ ಅಂದುಕೊಂಡಿರುತ್ತೇವೆ. ನಿಜ ಹೇಳಬೇಕೆಂದರೆ ಕಣ್ಣು ದೂರದ ಮರ, ಕಂಬ, ಗೋಪುರ ನೋಡುತ್ತಾ ಕ್ಷಣಕ್ಷಣವೂ ನಮ್ಮನ್ನು ತಿದ್ದುತ್ತಿರುತ್ತದೆ. ಗುರುತು ಇಲ್ಲವಾದರೆ ಹೆಜ್ಜೆ ಹೆಜ್ಜೆಗೂ ಸಣ್ಣ ತಪ್ಪು ಸೇರುತ್ತಾ ಹೋಗುತ್ತದೆ. 2009ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ಜನರಿಗೆ ನೇರ ನಡೆಯಲು ಹೇಳಿದರು. ಸೂರ್ಯನೋ ಚಂದ್ರನೋ ಕಾಣುತ್ತಿದ್ದಾಗ ಸರಿಯಾಗಿ ನಡೆದರು. ಕಾಣದಿದ್ದಾಗ ದಾರಿ ಡೊಂಕಾಯಿತು. ಮೋಡ ಕವಿದ ಕಾಡಿನಲ್ಲಿ ನಡೆದವರಂತೂ ಸುತ್ತು ಹೊಡೆದು ತಾವೇ ನಡೆದ ದಾರಿಗೆ ಮರಳಿದರು, ಆದರೆ ಅವರಿಗೆ ಅದು ತಿಳಿದೇ ಇರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದಾಗ ಕೆಲವರು 20 ಮೀಟರ್ ಅಗಲದಷ್ಟು ಸಣ್ಣ ವೃತ್ತದಲ್ಲೇ ತಿರುಗಿದರು.

ಈಗ ಬೇಲಿ, ಮರ, ಕಂಬ ಇಲ್ಲದ ಆ ಬಯಲನ್ನು ನೆನಪಿಸಿಕೊಳ್ಳಿ. ಬಿಳಿ ನೆಲ, ಬಿಳಿ ಗಾಳಿ, ಬಿಳಿ ಆಕಾಶ. ಸತ್ತವರಲ್ಲಿ ಕೆಲವರು ತಮ್ಮ ಮನೆಯ ಹತ್ತಿರವೇ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಗಾಳಿ ಮೈಯ ಬಿಸಿಯನ್ನು ಕದಿಯುವುದು ಹೀಗೆ

ಬಿಸಿ ಗಂಜಿಯನ್ನು ಆರಿಸಲು ಊದುತ್ತೀರಲ್ಲ, ಅದೇ ಲೆಕ್ಕ. ನಮ್ಮ ಚರ್ಮದ ಸುತ್ತ ಮೈಯ ಬಿಸಿಯಿಂದ ಬೆಚ್ಚಗಾದ ಗಾಳಿಯ ತೆಳು ಪದರ ಇರುತ್ತದೆ. ಬೀಸುಗಾಳಿ ಅದನ್ನು ಒಯ್ದುಬಿಡುತ್ತದೆ. ಮೈ ಮತ್ತೆ ಬಿಸಿ ಕೊಡಬೇಕು, ಗಾಳಿ ಮತ್ತೆ ಒಯ್ಯುತ್ತದೆ. 1940ರ ಆಸುಪಾಸಿನಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು ಅಂಟಾರ್ಕ್ಟಿಕಾದಲ್ಲಿ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಗಾಳಿಗೆ ನೇತುಹಾಕಿ, ಅದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ಅಳೆದರು. ಇಂದಿನ ‘ಗಾಳಿಚಳಿ’ ಲೆಕ್ಕ ಹುಟ್ಟಿದ್ದು ಅಲ್ಲಿಂದ. ಈಗಿನ ಸೂತ್ರದ ಪ್ರಕಾರ ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 50 ಡಿಗ್ರಿ ಕೆಳಗಿದ್ದಂತೆ.

ನಮ್ಮ ಮೈಯ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಅಪಾಯ ಶುರು. ಮೊದಲು ಗಡಗಡ ನಡುಕ. ನಡುಗಿದಾಗ ಸ್ನಾಯುಗಳು ಬಿಸಿ ಉಂಟುಮಾಡುತ್ತವೆ. ಇನ್ನೂ ಇಳಿದರೆ ನಡುಕ ನಿಲ್ಲುತ್ತದೆ, ಬುದ್ಧಿ ಮಂಕಾಗುತ್ತದೆ, ನಿದ್ದೆ ಎಳೆಯುತ್ತದೆ. ಹೃದಯ, ಮಿದುಳನ್ನು ಕಾಪಾಡಲು ದೇಹ ಕೈಕಾಲಿನ ತುದಿಗೆ ರಕ್ತ ಕಡಿಮೆ ಮಾಡುತ್ತದೆ. ಹಾಗಾಗಿ ಬೆರಳು, ಪಾದ ಮೊದಲು ಹೆಪ್ಪುಗಟ್ಟುತ್ತವೆ. ಆ ಟೀಚರುಗಳು ಕಾಲು ಕಳೆದುಕೊಂಡದ್ದು ಇದೇ ಕಾರಣಕ್ಕೆ.

ಹುಲ್ಲಿನ ಬಣವೆ ಎಟ್ಟಾ ಅವರನ್ನು ಅಷ್ಟು ಹೊತ್ತು ಉಳಿಸಿದ್ದು ಯಾಕೆ ಅಂತ ಈಗ ನೀವೇ ಹೇಳಬಹುದು. ಹುಲ್ಲಿನ ಎಸಳುಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲಾಡುವುದಿಲ್ಲ. ಅಲ್ಲಾಡದ ಗಾಳಿ ಬಿಸಿಯನ್ನು ಸುಲಭಕ್ಕೆ ಹೊರಗೆ ಬಿಡದು. ಅಜ್ಜಿಯ ಕಂಬಳಿಯ ಗುಟ್ಟೂ ಇದೇ.

ಎಚ್ಚರಿಕೆ ಇತ್ತು, ತಲುಪಲಿಲ್ಲ

ಆಗ ಅಮೆರಿಕದಲ್ಲಿ ಹವಾಮಾನ ಮುನ್ಸೂಚನೆ ಸೈನ್ಯದ ಸಿಗ್ನಲ್ ವಿಭಾಗದ ಕೆಲಸ. ಬೇರೆ ಬೇರೆ ಊರುಗಳಿಂದ ಉಷ್ಣತೆ, ಗಾಳಿಯೊತ್ತಡ, ಗಾಳಿಯ ದಿಕ್ಕು ತಂತಿಯ ಮೂಲಕ ಬರುತ್ತಿತ್ತು. ಈ ಬಯಲಿನ ಮುನ್ಸೂಚನೆಯ ಹೊಣೆ ಸೇಂಟ್ ಪಾಲ್ ನಗರದಲ್ಲಿದ್ದ ಲೆಫ್ಟಿನೆಂಟ್ ಥಾಮಸ್ ವುಡ್ರಫ್ ಅವರದು. ಶೀತಗಾಳಿ ಬರುವುದನ್ನು ಅವರ ಮುನ್ಸೂಚನೆ ಹೇಳಿತ್ತು. ಶೀತಗಾಳಿಯ ಎಚ್ಚರಿಕೆಗೆ ಒಂದು ಬಾವುಟವೂ ಇತ್ತು: ಬಿಳಿ ಬಟ್ಟೆ, ನಡುವೆ ಕಪ್ಪು ಚೌಕ. ಆದರೆ ತಂತಿಯೂ ಬಾವುಟವೂ ರೈಲು ಹೋಗುವ ಊರುಗಳ ವರೆಗೆ ಮಾತ್ರ. ಹೊಲಗಳ ನಡುವಿನ ಒಂದೇ ಕೋಣೆಯ ಶಾಲೆಗೆ ಅದನ್ನು ಮುಟ್ಟಿಸುವವರು ಯಾರು?

ಅದೇ ವರ್ಷ ಮಾರ್ಚ್ 11ರಿಂದ 14ರವರೆಗೆ ಅಮೆರಿಕದ ಪೂರ್ವ ಕರಾವಳಿಗೆ ಇನ್ನೊಂದು ಹಿಮಬಿರುಗಾಳಿ ಬಡಿಯಿತು. ನ್ಯೂಯಾರ್ಕ್ ನಗರದಲ್ಲಿ ಸುಮಾರು 53 ಸೆಂಟಿಮೀಟರ್ ಹಿಮ ಬಿತ್ತು, ತಂತಿಗಳು ಹರಿದವು, ರೈಲುಗಳು ನಿಂತಲ್ಲೇ ನಿಂತವು. ಒಟ್ಟು 400ಕ್ಕೂ ಹೆಚ್ಚು ಜನ ಸತ್ತರು. ತಂತಿಗಳನ್ನು ನೆಲದಡಿಗೆ ಹಾಕಬೇಕು, ರೈಲನ್ನೂ ನೆಲದಡಿಯಲ್ಲೇ ಓಡಿಸಬೇಕು ಎಂಬ ಮಾತಿಗೆ ಆಮೇಲೆ ಬಲ ಬಂತು. 1904ರಲ್ಲಿ ಅಲ್ಲಿ ಸುರಂಗ ರೈಲು ಶುರುವಾಯಿತು. ಮುನ್ಸೂಚನೆಯ ಕೆಲಸ 1891ರಲ್ಲಿ ಸೈನ್ಯದಿಂದ ಕೃಷಿ ಇಲಾಖೆಗೆ ಹೋಯಿತು.

ನಮ್ಮ ದೇಶದ ಹವಾಮಾನ ಇಲಾಖೆ 1875ರಲ್ಲೇ ಹುಟ್ಟಿದ್ದು. ಇಂದು ಅದು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ನಾಲ್ಕು ಬಣ್ಣಗಳಲ್ಲಿ ಎಚ್ಚರಿಕೆ ಕೊಡುತ್ತದೆ. ‘ರೆಡ್ ಅಲರ್ಟ್, ನಾಳೆ ರಜೆ’ ಎಂದರೆ ಕಾಸರಗೋಡು, ವಯನಾಡಿನ ಮಕ್ಕಳಿಗೆ ಖುಷಿಯೋ ಖುಷಿ. ಇನ್ನು ಮುಂದೆ ಹಾಗೆ ರಜೆ ಸಿಕ್ಕಾಗ ಆ ಎಚ್ಚರಿಕೆ ತಲುಪದೇ ಹೋದ ಶಾಲೆಗಳನ್ನೂ ಒಮ್ಮೆ ನೆನೆಯಿರಿ. ರಜೆಯ ದಿನ ಹೊಳೆ ನೋಡಲು ಹೋಗದೆ ಮನೆಯಲ್ಲೇ ಇರಿ.

ನೆನಪು ಸಾಕ್ಷಿಯೇ?

ಅರ್ಧ ಶತಮಾನ ಕಳೆದ ಮೇಲೆ, 1940ರ ಹೊತ್ತಿಗೆ, ಆ ದಿನ ಬದುಕುಳಿದ ಮಕ್ಕಳೆಲ್ಲ ಅಜ್ಜ-ಅಜ್ಜಿಯರಾಗಿದ್ದರು. ನೆಬ್ರಾಸ್ಕದಲ್ಲಿ ಅವರೇ ಒಂದು ಸಂಘ ಕಟ್ಟಿಕೊಂಡು, ಒಬ್ಬೊಬ್ಬರ ನೆನಪನ್ನೂ ಬರೆಸಿ ಸಂಗ್ರಹಿಸಿ 1947ರಲ್ಲಿ ಪುಸ್ತಕವಾಗಿ ಹೊರತಂದರು. ಗಾಳಿ ಎಷ್ಟು ಗಂಟೆಗೆ ಬಂತು, ಯಾವ ದಿಕ್ಕಿನಿಂದ ಬಂತು, ಯಾರು ಎಲ್ಲಿದ್ದರು ಎಂಬ ಎಷ್ಟೋ ಸಂಗತಿ ಉಳಿದದ್ದು ಇಂಥ ನೆನಪುಗಳಿಂದಲೇ.

ಆದರೆ ನೆನಪು ಬದಲಾಗುತ್ತದೆ. ಮಿನಿ ಫ್ರೀಮನ್ ಮಕ್ಕಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿ ಕರೆದೊಯ್ದರು ಎಂಬ ಕಥೆ ಬಹಳ ಪ್ರಸಿದ್ಧ. ಹಗ್ಗ ಕಟ್ಟಿರಲೇ ಇಲ್ಲ ಎಂದು ಅವರದೇ ವಿದ್ಯಾರ್ಥಿಯೊಬ್ಬರು ಹೇಳಿದ್ದೂ ದಾಖಲಾಗಿದೆ. ಮಕ್ಕಳ ಸಂಖ್ಯೆಯೂ ಒಂದು ಕಡೆ 13, ಇನ್ನೊಂದು ಕಡೆ 16, ಮತ್ತೊಂದು ಕಡೆ 17. ಸತ್ತವರು 235 ಎಂಬುದೂ ಅಂದಾಜೇ. ಹಾಗಂತ ಕಥೆಯೆಲ್ಲ ಸುಳ್ಳು ಅನ್ನಬೇಡಿ. ಥರ್ಮಾಮೀಟರು ಎಷ್ಟು ಚಳಿ ಇತ್ತು ಎಂದು ಹೇಳುತ್ತದೆ, ಕೋಟು ಯಾಕೆ ಮನೆಯಲ್ಲಿ ಉಳಿಯಿತು ಎಂದು ಹೇಳುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರೇ ಒಳ್ಳೆಯ ವಿಜ್ಞಾನಿಗಳು.

ಮಾಡಿ ನೋಡಿ

1. ಮೈದಾನದ ಒಂದು ತುದಿಯಲ್ಲಿ ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ ಇನ್ನೊಂದು ತುದಿಗೆ ನೇರ ನಡೆಯಲು ಹೇಳಿ. ಕಲ್ಲು, ಬಾವಿ, ರಸ್ತೆ ಇಲ್ಲದ ಜಾಗ ಆರಿಸಿಕೊಳ್ಳಿ, ಟೀಚರ್ ಜೊತೆಗಿರಲಿ, ಇಬ್ಬರು ಪಕ್ಕದಲ್ಲೇ ಮಾತಾಡದೆ ನಡೆಯಲಿ. ಹತ್ತು ಹೆಜ್ಜೆಗೊಂದು ಗುರುತು ಹಾಕಿ. ಎಷ್ಟು ಹೆಜ್ಜೆಗೆ ದಾರಿ ಬಾಗಿತು, ಯಾವ ಕಡೆಗೆ? ಹತ್ತು ಜನರ ಲೆಕ್ಕ ಬರೆಯಿರಿ.

2. ಒಂದೇ ಅಳತೆಯ ಮೂರು ಲೋಟಗಳಲ್ಲಿ ಸಮವಾಗಿ ಬಿಸಿನೀರು ಹಾಕಿ. ಒಂದನ್ನು ಒಣಹುಲ್ಲಿನಲ್ಲಿ ಹುದುಗಿಸಿ, ಒಂದನ್ನು ಹಾಗೇ ಬಿಡಿ, ಒಂದಕ್ಕೆ ಫ್ಯಾನಿನ ಗಾಳಿ ತಾಗಲಿ. ಐದೈದು ನಿಮಿಷಕ್ಕೆ ಉಷ್ಣತೆ ಅಳೆದು ನಕ್ಷೆ ಬರೆಯಿರಿ.

3. ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ಅವರು ಕಂಡ ದೊಡ್ಡ ಮಳೆಯನ್ನೋ ಬರವನ್ನೋ ಕೇಳಿ. ಸೊಲ್ಲಾಪುರ, ಜತ್ತದ ಕಡೆ 1972ರ ಬರ, ಆದವಾನಿ ಕಡೆ 2009ರ ಅಕ್ಟೋಬರ್ ನೆರೆ, ಕೇರಳದಲ್ಲಿ 2018ರ ಮಳೆ. ಹೀಗೆ ಯಾವುದಾದರೂ ಆಗಬಹುದು. ಅವರು ಹೇಳಿದ್ದನ್ನು ಹೇಳಿದ ಹಾಗೇ, ಮನೆಮಾತಿನಲ್ಲೇ ಬರೆದುಕೊಳ್ಳಿ. ಆಮೇಲೆ ಇನ್ನೊಬ್ಬ ಹಿರಿಯರನ್ನು ಅದೇ ಪ್ರಶ್ನೆ ಕೇಳಿ. ತಾಲ್ಲೂಕು ಕಚೇರಿಯ ಮಳೆ ದಾಖಲೆಯೋ ಹಳೆಯ ಪತ್ರಿಕೆಯೋ ಸಿಕ್ಕರೆ ಹೋಲಿಸಿ. ಎಲ್ಲಿ ಒಂದೇ ಇದೆ, ಎಲ್ಲಿ ಬೇರೆ ಇದೆ?

ಈಗ ನೋಟ್ ಪುಸ್ತಕದ ಮೂಲೆಗೆ ಬನ್ನಿ. ‘ಶಾಲೆಯಲ್ಲೇ ಉಳಿಯುತ್ತೇನೆ’ ಎಂದು ಬರೆದವರು ಯಾರು, ‘ಮನೆಗೆ ಹೊರಡುತ್ತೇನೆ’ ಎಂದವರು ಯಾರು? ಹಿಮಬಿರುಗಾಳಿಯಲ್ಲಿ ಗಟ್ಟಿ ಚಾವಣಿ ಇರುವಷ್ಟು ಹೊತ್ತು ಒಳಗೇ ಉಳಿಯಬೇಕು ಎಂಬುದು ಇಂದಿನ ನಿಯಮ. ಬೆಂಚು, ಮೇಜು ಮುರಿದು ಒಲೆಗೆ ಹಾಕಿದರೂ ಸರಿಯೇ. ಚಾವಣಿಯೇ ಹಾರಿಹೋದರೆ? ಆ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ. ನಿಮ್ಮ ಶಾಲೆಯಲ್ಲಿ ಮಳೆ, ಗಾಳಿ ಜೋರಾದ ದಿನ ಚಿಕ್ಕ ತರಗತಿಯ ಮಕ್ಕಳನ್ನು ಮನೆಗೆ ಮುಟ್ಟಿಸುವವರು ಯಾರು, ಹಳ್ಳ ದಾಟಬೇಕಾದವರು ಎಷ್ಟು ಮಂದಿ, ಅವರ ಮನೆಗೆ ಸುದ್ದಿ ತಲುಪುವುದು ಹೇಗೆ ಎಂದೂ ಒಂದು ಪಟ್ಟಿ ಮಾಡಿ ನಿಮ್ಮ ಮುಖ್ಯೋಪಾಧ್ಯಾಯರ ಕೈಗೆ ಕೊಡಿ. ಅದನ್ನು ಮಳೆಗಾಲ ಶುರುವಾಗುವ ಮುಂಚೆಯೇ ಮಾಡಿ.